ನಮಗೆ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ

ಓದಿಗೋ ಕೆಲಸಕ್ಕೋ ಊರು ಬಿಟ್ಟು ಬಂದು, ಮೂರ್ನಾಲ್ಕು ಜನ ಸೇರಿ ಬಾಡಿಗೆ ಮನೆ ಹಿಡಿಯುವ ನಮ್ಮ ವಯಸ್ಸಿನವರಲ್ಲಿ ಹಲವರಿಗೆ ಬೆಕ್ಕು ಸಾಕುವ ಆಸೆ. ಅದನ್ನು ನಾಯಿಯಂತೆ ದಿನಕ್ಕೆರಡು ಬಾರಿ ಹೊರಗೆ ಕರೆದೊಯ್ಯಬೇಕಿಲ್ಲ, ಬೊಗಳುತ್ತದೆಂಬ ತಕರಾರೂ ಇಲ್ಲ. ಮರಿ ತಂದ ದಿನ ಸ್ಟೇಟಸ್ ತುಂಬ ಅದರದೇ ಫೋಟೊ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಾಗಿಲು ತೆರೆದರೆ ಗಪ್ಪೆಂದು ವಾಸನೆ. ಪಕ್ಕದ ಮನೆಯವರು ಮೂಗು ಮುಚ್ಚುತ್ತಾರೆ, ‘ಬೆಕ್ಕು ಇರಬೇಕೋ ನೀವು ಇರಬೇಕೋ ನೋಡಿ’ ಎನ್ನುತ್ತಾರೆ ಓನರ್. ಕೊನೆಗೆ ಮನೆ ಬಿಡುವುದು ಸಾಮಾನ್ಯವಾಗಿ ಬೆಕ್ಕೇ.

ಆ ವಾಸನೆಗೆ ಬೆಕ್ಕನ್ನು ದೂರುವುದು ಅನ್ಯಾಯ ಎಂಬುದು ನನ್ನ ವಾದ. ತನ್ನ ಮಲಮೂತ್ರವನ್ನು ತಾನೇ ಮುಚ್ಚಿಡುವ ಪ್ರಾಣಿ ಅದು. ಹಳ್ಳಿಯಲ್ಲಿ ಹಿತ್ತಿಲ ಮಣ್ಣೋ ಬೂದಿಗುಡ್ಡೆಯೋ ಇರುತ್ತದೆ. ಬೆಕ್ಕು ಕೆರೆದು, ಮುಗಿಸಿ, ಮುಚ್ಚಿ ಬರುತ್ತದೆ. ಮೂರನೇ ಮಹಡಿಯ ಮನೆಯಲ್ಲಿ ಅದಕ್ಕಿರುವುದು ಒಂದು ಪ್ಲಾಸ್ಟಿಕ್ ಟ್ರೇ. ಅಲ್ಲಿ ಮುಚ್ಚುವ ಕೆಲಸ ಅದರದು, ತೆಗೆಯುವ ಕೆಲಸ ನಮ್ಮದು.

ವಾಸನೆ ಬರುವ ಬಗೆ ತಿಳಿದರೆ ಪರಿಹಾರವೂ ತಿಳಿಯುತ್ತದೆ. ಸಾಕುಬೆಕ್ಕಿನ ಪೂರ್ವಜರು ನೀರು ಕಡಿಮೆಯಿರುವ ಒಣ ಪ್ರದೇಶದ ಕಾಡುಬೆಕ್ಕುಗಳು. ಹಾಗಾಗಿ ಇವುಗಳ ಮೂತ್ರ ಬಹಳ ಗಾಢ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆಯುತ್ತವೆ. ಮೂಗಿಗೆ ಚುಚ್ಚುವುದು ಅದೇ. ಹೊತ್ತು ಕಳೆದಷ್ಟೂ ಅಮೋನಿಯಾ ಹೆಚ್ಚು. ಅಂದರೆ ದಿನಕ್ಕೆ ಒಂದೆರಡು ಸಲ ತೆಗೆದುಬಿಟ್ಟರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಸಂತಾನಹರಣ ಮಾಡಿಸದ ಗಂಡು ಬೆಕ್ಕಿನ ಮೂತ್ರದ ಘಾಟು ಇನ್ನೂ ಜೋರು, ಗೋಡೆಗೆ ಸಿಡಿಸುವ ಅಭ್ಯಾಸವೂ ಅದಕ್ಕುಂಟು. ಶಸ್ತ್ರಚಿಕಿತ್ಸೆಯಿಂದ ಎರಡೂ ಬಹುಮಟ್ಟಿಗೆ ಇಳಿಯುತ್ತವೆ.

ನಾವು ಮಾಡುವುದೇನು? ರೂಮ್ ಫ್ರೆಶ್ನರ್ ಹೊಡೆಯುತ್ತೇವೆ, ಊದುಬತ್ತಿ ಹಚ್ಚುತ್ತೇವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದು. ದಿನವೂ ಅಲ್ಲೇ ಇರುವ ನಮ್ಮ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ, ಬಂದವರಿಗೆ ಎಲ್ಲವೂ ಗೊತ್ತಾಗುತ್ತದೆ. ಕೆಲವರು ಟ್ರೇ ತೊಳೆಯಲು ಫಿನಾಯಿಲ್ ಸುರಿಯುತ್ತಾರೆ. ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ, ಅದರ ಯಕೃತ್ತು ಅವನ್ನು ಸರಿಯಾಗಿ ಅರಗಿಸಲಾರದು. ಬ್ಲೀಚ್ ಬಳಸಿದರೆ ಮೂತ್ರದ ಅಮೋನಿಯಾದೊಂದಿಗೆ ಸೇರಿ ವಿಷಾನಿಲವೇ ಏಳುತ್ತದೆ. ಬಿಸಿನೀರು, ಸೌಮ್ಯವಾದ ಸೋಪು, ಆಮೇಲೆ ಬಿಸಿಲು ಸಾಕು.

ಉಳಿದದ್ದೂ ಕಷ್ಟವೇನಲ್ಲ. ಒದ್ದೆಯಾದೊಡನೆ ಉಂಡೆಗಟ್ಟುವ ಬೆಂಟೊನೈಟ್ ಜೇಡಿಮಣ್ಣಿನ ಲಿಟರ್ ಅನ್ನು ಎರಡು-ಮೂರು ಇಂಚು ಹಾಕಿದರೆ ಮೂತ್ರ ತಳಕ್ಕಿಳಿಯದೆ ಉಂಡೆಯಾಗಿ ಸಿಗುತ್ತದೆ. ಬಜೆಟ್ ಇಲ್ಲವೆಂದರೆ ಒಣ ಮರಳೂ ಆದೀತು, ಬೇಗಬೇಗ ಬದಲಾಯಿಸಬೇಕಷ್ಟೆ. ತಳದಲ್ಲಿ ಸ್ವಲ್ಪ ಅಡುಗೆ ಸೋಡಾ ಉದುರಿಸಬಹುದು. ಟ್ರೇ ದೊಡ್ಡದಿರಲಿ, ಗಾಳಿಯಾಡುವ ಕಡೆ ಇರಲಿ, ಊಟದ ತಟ್ಟೆಯಿಂದ ದೂರವಿರಲಿ. ಎರಡು ಬೆಕ್ಕಿದ್ದರೆ ಮೂರು ಟ್ರೇ ಎಂಬುದು ಪಶುವೈದ್ಯರ ಸಾಮಾನ್ಯ ಲೆಕ್ಕ. ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಕಮೋಡಿಗೆ ಹಾಕಿದರೆ ಜೇಡಿಮಣ್ಣು ಪೈಪಿನಲ್ಲಿ ಗಟ್ಟಿಯಾಗಿ ಓನರ್ ಜತೆ ಇನ್ನೊಂದು ಜಗಳ!

ದಿನವೂ ತೆಗೆಯುವುದರಿಂದ ವಾಸನೆಗಿಂತ ದೊಡ್ಡ ಲಾಭಗಳಿವೆ. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಅಷ್ಟರೊಳಗೆ ತೆಗೆದರೆ ಅಪಾಯ ತೀರಾ ಕಡಿಮೆ. ಮನೆಯಲ್ಲಿ ಗರ್ಭಿಣಿಯಿದ್ದರೆ ಈ ಕೆಲಸ ಬೇರೆಯವರು ಮಾಡಬೇಕು. ಗಂಡು ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕೂತರೂ ಉಂಡೆಗಳೇ ಸಿಗುತ್ತಿಲ್ಲ ಎಂದರೆ ಮೂತ್ರನಾಳ ಕಟ್ಟಿರಬಹುದು. ಅದು ಒಂದೆರಡು ದಿನದಲ್ಲಿ ಪ್ರಾಣ ತೆಗೆಯುವ ಸಮಸ್ಯೆ. ಟ್ರೇ ನೋಡದವರಿಗೆ ಅದು ಗೊತ್ತೇ ಆಗುವುದಿಲ್ಲ.

ಇಷ್ಟಕ್ಕೆಲ್ಲ ಬೇಕಾದದ್ದು ದಿನಕ್ಕೆ ಐದು ನಿಮಿಷ. ಆದರೆ ಹಂಚಿಕೊಂಡ ಮನೆಗಳಲ್ಲಿ ಮುದ್ದಿಸಲು ಬೆಕ್ಕು ಎಲ್ಲರದು, ಟ್ರೇ ಮಾತ್ರ ಯಾರದ್ದೂ ಅಲ್ಲ. ‘ನಿನ್ನೆ ನಾನು ಮಾಡಿದ್ದೆ, ಇವತ್ತು ನೀನು’ ಎನ್ನುತ್ತಲೇ ಮೂರು ದಿನ ಕಳೆಯುತ್ತದೆ. ಅಡುಗೆ, ಪಾತ್ರೆಗೆ ಪಾಳಿ ಹಾಕುವ ನಾವು ಇದಕ್ಕೂ ಹೆಸರು ಬರೆದು ಫ್ರಿಜ್ ಮೇಲೆ ಅಂಟಿಸಬೇಕು. ಪರೀಕ್ಷೆ, ಇಂಟರ್‌ವ್ಯೂ, ಊರಿನ ಹಬ್ಬ ಬಂದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಮೊದಲೇ ತೀರ್ಮಾನವಾಗಲಿ.

ಓನರ್ ಗದರಿದರೆಂದು ರಾತ್ರೋರಾತ್ರಿ ಬೆಕ್ಕನ್ನು ದೂರದ ಬಡಾವಣೆಯಲ್ಲೋ ಮಾರುಕಟ್ಟೆಯ ಬಳಿಯೋ ಬಿಟ್ಟು ಬರುವವರಿದ್ದಾರೆ. ‘ಅದು ಹೇಗೋ ಬದುಕಿಕೊಳ್ಳುತ್ತದೆ’ ಎಂಬುದು ನಾವು ಹೇಳಿಕೊಳ್ಳುವ ಸಮಾಧಾನ. ತಟ್ಟೆಯಲ್ಲಿ ಊಟ ಕಂಡೇ ಬೆಳೆದ ಬೆಕ್ಕಿಗೆ ಬೀದಿನಾಯಿ, ವಾಹನ, ಹಸಿವು ಎಲ್ಲವೂ ಹೊಸದು. ಹಸಿವು ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಬೆಕ್ಕು ತರಬೇಕೆಂದಿರುವ ಗೆಳೆಯ ಗೆಳತಿಯರೇ, ಮೊದಲು ಒಂದು ತಿಂಗಳು ಮನೆಯ ಕಸದ ಡಬ್ಬಿಯನ್ನು ತಪ್ಪದೇ ದಿನವೂ ಖಾಲಿ ಮಾಡಿ ನೋಡಿ. ಅದು ಸಾಧ್ಯವಾದರೆ ಖಂಡಿತ ತನ್ನಿ. ಆಗದಿದ್ದರೆ ಬೆಕ್ಕಿರುವ ಗೆಳೆಯರ ಮನೆಗೆ ಹೋಗಿ ಮುದ್ದಿಸಿ ಬನ್ನಿ.