ಪರದೇಶ ಪ್ರಯಾಣದ ಸಿದ್ಧತೆ ಶಾಲೆಯಿಂದಲೇ ಆಗಲಿ

ಊರು ಬಿಟ್ಟು ದುಡಿಯಲು ಹೋಗುವುದು ನಮ್ಮ ಜತ್ತ ತಾಲೂಕಿನವರಿಗೆ ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯುವ ತಂಡಗಳೊಡನೆ ಸಂಸಾರ ಸಮೇತ ಹೊರಡುವವರನ್ನು ಎಲ್ಲರೂ ಕಂಡಿದ್ದೇವೆ. ನೆರೆಯ ಖಾನಾಪುರ, ಆಟಪಾಡಿ ಕಡೆಯ ಗಲಾಯಿ ಕೆಲಸಗಾರರು ಬಂಗಾರ ಬೆಳ್ಳಿ ಶುದ್ಧ ಮಾಡುತ್ತ ದೇಶದ ದೂರದ ಪೇಟೆಗಳನ್ನೂ ಸೇರಿದ್ದಾರೆ. ಆದರೆ ಸಮುದ್ರ ದಾಟುವ ಪ್ರಯಾಣದ ರೀತಿಯೇ ಬೇರೆ. ಅಲ್ಲಿ ಮನುಷ್ಯನಿಗಿಂತ ಮೊದಲು ಅವನ ಕಾಗದ ಮಾತನಾಡುತ್ತದೆ. ಆ ಕಾಗದದ ಬುಡ ಶಾಲೆಯ ಜನರಲ್ ರಜಿಸ್ಟರಿನಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಮೊದಲೇ ಅರಿತಿರಬೇಕೆಂದು ನನ್ನ ಅಭಿಪ್ರಾಯ.

ಗಡಿನಾಡಿನವರಾದ ನಮಗೆ ಹೆಸರಿನದೇ ಒಂದು ತೊಡಕು. ಕನ್ನಡ ಶಾಲೆಯಲ್ಲಿ 'ಸಿದ್ಧರಾಮ' ಎಂದು ಬರೆದದ್ದು ಮರಾಠಿ ರೇಶನ್ ಕಾರ್ಡಿನಲ್ಲಿ 'ಸಿದ್ರಾಮ' ಆಗುತ್ತದೆ. ಆಧಾರದ ಇಂಗ್ಲಿಷಿನಲ್ಲಿ ಇನ್ನೊಂದೇ ಆಗಿರುತ್ತದೆ. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮಾತ್ರ ಸ್ವಂತ ಹೆಸರು ಬೇರೆ, ಅಡ್ಡಹೆಸರು ಬೇರೆ ಬರೆಯಬೇಕು. ದಾಖಲೆಗಳೆಲ್ಲ ಅದಕ್ಕೆ ತಾಳೆಯಾಗಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಡುವುದೂ ಒಳ್ಳೆಯದಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಜನ್ಮತಾರೀಖೂ ಹಾಗೆಯೇ. ಹೆಸರು ಹಚ್ಚುವಾಗ ಅನುಕೂಲಕ್ಕೆಂದು ಜೂನ್ 1 ಬರೆಸುವ ರೂಢಿ ಇನ್ನು ನಡೆಯದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೊಂದೇ ಆಧಾರ. ತಪ್ಪೇನಾದರೂ ಇದ್ದರೆ ಮಗು ಶಾಲೆಯಲ್ಲಿರುವಾಗಲೇ ಅರ್ಜಿ ಕೊಟ್ಟು ತಿದ್ದಿಸಬೇಕು. ದಾಖಲೆ ಕೈಗೆ ಕೊಟ್ಟು ಕಳಿಸಿದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಎರಡನೆಯದು ಹತ್ತನೆಯ ಇಯತ್ತೆ. ಅದು ಪಾಸಾಗದೆ ದುಡಿಯುವ ವಯಸ್ಸಿಗೆ ಬಂದವರ ಪಾಸ್‌ಪೋರ್ಟು ಸಾಮಾನ್ಯವಾಗಿ 'ಇ.ಸಿ.ಆರ್.' ವರ್ಗದ್ದು. ಅಂಥವರು ಸೌದಿ, ಕುವೈತ್, ಕತಾರ್, ಮಲೇಶಿಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಇದನ್ನು ಅಪಮಾನವೆಂದು ತಿಳಿಯಬಾರದು. ಕಡಿಮೆ ಓದಿದವರು ಮೋಸಹೋಗದಿರಲೆಂದೇ 1983ರ ಕಾಯ್ದೆಯಲ್ಲಿ ಈ ಏರ್ಪಾಡು ಮಾಡಿದೆ. "ಅನುಮತಿ ಗಿನುಮತಿ ಬೇಡ, ಪ್ರವಾಸಿ ವೀಸಾದ ಮೇಲೆ ಕಳಿಸಿ ಅಲ್ಲೇ ಕೆಲಸ ಕೊಡಿಸುತ್ತೇನೆ" ಎನ್ನುವ ದಲ್ಲಾಳಿ ಈ ರಕ್ಷಣೆಯನ್ನೇ ಕಿತ್ತುಹಾಕುತ್ತಾನೆ. ನೋಂದಣಿಯಾದ ಏಜೆಂಟನೂ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಕೊಡುವ ಮೊದಲು ಆತನ ಹೆಸರು ಸರಕಾರದ 'ಇ-ಮೈಗ್ರೇಟ್' ಪಟ್ಟಿಯಲ್ಲಿದೆಯೇ ಎಂದು ಮನೆಯ ಹುಡುಗ ಹುಡುಗಿಯರಿಂದಲೇ ಮೊಬೈಲಿನಲ್ಲಿ ನೋಡಿಸಬಹುದು. ಕಬ್ಬಿನ ಹಂಗಾಮಿಗೆಂದು ಒಂಬತ್ತನೆಯ ಇಯತ್ತೆಯಲ್ಲಿ ಮಗನನ್ನು ಬಿಡಿಸುವ ತಂದೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಗಂಟು ಕಟ್ಟುವ ಮಾತು. ಇಲ್ಲಿ ತಾಯಂದಿರ ಪ್ರೀತಿಯೇ ಒಮ್ಮೊಮ್ಮೆ ಅಪಾಯ ತರುತ್ತದೆ. ನಮ್ಮ ಕಡೆ ಖಸಖಸಿ ಎನ್ನುವ ಗಸಗಸೆ ಅಫೀಮಿನ ಗಿಡದ ಬೀಜ. ಅರಬ್ ಸಂಸ್ಥಾನ, ಸೌದಿ, ಸಿಂಗಾಪುರಗಳಲ್ಲಿ ಅದು ನಿಷಿದ್ಧ ವಸ್ತು. ಹಿಡಿಯಷ್ಟು ಸಿಕ್ಕರೂ ಜೈಲು ಕಾಣಬೇಕಾದೀತು. ಪೊಟ್ಟಣ ಕಟ್ಟಿಕೊಡದಿದ್ದರೆ ಸಾಲದು. ದೀಪಾವಳಿಯ ಅನಾರಸದ ಮೇಲೆ, ಕರಂಜಿಯ ಹೂರಣದಲ್ಲಿ, ಅರೆದಿಟ್ಟ ಮಸಾಲೆಯಲ್ಲಿ ಅದು ಅಡಗಿರುತ್ತದೆ. ಶೇಂಗಾ ಚಟ್ನಿ, ಕಡಕ ರೊಟ್ಟಿ ಕಟ್ಟಿಕೊಡಿರಿ, ಅವಕ್ಕೆ ಇಂಥ ಭಯವಿಲ್ಲ. ತಂಬಾಕು, ಗುಟಖಾ ಮನೆಯಲ್ಲೇ ಬಿಡುವುದು ಮೇಲು (ಬಿಟ್ಟೇಬಿಟ್ಟರೆ ಇನ್ನೂ ಮೇಲು!). ಕೆಮ್ಮಿನ ಮತ್ತು ನೋವಿನ ಕೆಲವು ಔಷಧಿಗಳಿಗೂ ಆ ದೇಶಗಳಲ್ಲಿ ನಿರ್ಬಂಧವಿದೆ. ಆದ್ದರಿಂದ ಗುಳಿಗೆಗಳನ್ನು ಡಾಕ್ಟರರ ಇಂಗ್ಲಿಷ್ ಚೀಟಿಯೊಡನೆ, ಮೂಲ ಪಾಕೀಟಿನಲ್ಲೇ ಒಯ್ಯಬೇಕು. ಆ ದೇಶದ ನಿಯಮ ಮೊದಲೇ ವಿಚಾರಿಸಬೇಕು.

ಅಡಕೊತ್ತು, ಚಾಕು, ಕತ್ತರಿ ಕೈಚೀಲದಲ್ಲಿರಬಾರದು. ಅವು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿರಲಿ. ಮೊಬೈಲಿನ ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಕೈಚೀಲದಲ್ಲಿಯೇ ಇರಬೇಕು. ತಲೆಗೆ ಹಚ್ಚುವ ಎಣ್ಣೆಯಂಥ ದ್ರವವನ್ನು 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಕೈಯಲ್ಲಿ ಒಯ್ಯಲು ಬಿಡುವುದಿಲ್ಲ. ಮುಂಬಯಿಯ ವಿಮಾನ ನಿಲ್ದಾಣಕ್ಕೆ ಮೂರು ತಾಸು ಮುಂಚೆ ಮುಟ್ಟಬೇಕು. ಜತ್ತದಿಂದ ರಾತ್ರಿ ಬಸ್ಸು ಹಿಡಿದು ಅದೇ ಬೆಳಗಿನ ವಿಮಾನ ಹತ್ತುವ ಯೋಜನೆ ಸರಿಯಲ್ಲ. ಒಂದು ದಿನ ಮೊದಲೇ ಹೋಗುವುದು ಲೇಸು. ಅಪರಿಚಿತರು "ಇದೊಂದು ಪೊಟ್ಟಣ ಮುಟ್ಟಿಸಿರಿ" ಎಂದರೆ ಎಷ್ಟೇ ದಾಕ್ಷಿಣ್ಯವಾದರೂ ಒಲ್ಲೆ ಎನ್ನಬೇಕು. ಅದರೊಳಗಿನ ವಸ್ತುವಿಗೆ ಒಯ್ದವನೇ ಹೊಣೆಗಾರ.

ಅಲ್ಲಿ ಇಳಿದ ಮೇಲೆ ಮಾಲಕನು ಪಾಸ್‌ಪೋರ್ಟು ತನ್ನ ಬಳಿ ಇಟ್ಟುಕೊಳ್ಳಲು ಕೇಳಬಹುದು. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಅದು ಭಾರತ ಸರಕಾರದ ಸ್ವತ್ತು, ಒತ್ತೆಯಿಡುವ ವಸ್ತುವಲ್ಲ. ಕಳೆದುಹೋದರೂ ಕಸಿದುಕೊಂಡರೂ ಹೋಗಬೇಕಾದುದು ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ. ಆಗ ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರುಪತ್ರಗಳ ಒಂದೊಂದು ಪ್ರತಿ ಮನೆಯ ಟ್ರಂಕಿನಲ್ಲಿದ್ದರೆ ಊರಿನವರೂ ಇಲ್ಲಿಂದ ದೂರು ಕೊಡಬಹುದು. ಮನೆಯ ಫೋನ್ ನಂಬರನ್ನು ಮೊಬೈಲಿನಲ್ಲಿ ಇಟ್ಟರೆ ಸಾಲದು, ಬಾಯಿಪಾಠ ಮಾಡಿಕೊಂಡೇ ಹೊರಡಬೇಕು.