ಅಪಸ್ಮಾರಕ್ಕೆ ಔಷಧವೋ, ಶಸ್ತ್ರಕ್ರಿಯೆಯೋ?

ಅಪಸ್ಮಾರ ರೋಗಕ್ಕೆ ಔಷಧವು ಮೇಲೋ ಶಸ್ತ್ರಕ್ರಿಯೆಯು ಮೇಲೋ ಎಂದು ವಾದಿಸುವವರು ಮೊದಲು ಒಂದು ಮಾತನ್ನು ಒಪ್ಪಲೇಬೇಕು. ಪ್ರಥಮ ಚಿಕಿತ್ಸೆಯು ಔಷಧವೇ. ಇದರಲ್ಲಿ ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ. ವಿವಾದವೆಲ್ಲ ಔಷಧವು ಸೋತಿತೆಂದು ಯಾವಾಗ ಒಪ್ಪಿಕೊಳ್ಳತಕ್ಕದ್ದೆಂಬ ವಿಷಯದಲ್ಲಿದೆ. ಎಷ್ಟೋ ಮನೆಗಳಲ್ಲಿ ಈ ಒಪ್ಪಿಗೆಯು ಬರುವಷ್ಟರಲ್ಲಿ ಮಗುವಿನ ಶಾಲೆಯ ವಯಸ್ಸೇ ಕಳೆದುಹೋಗಿರುತ್ತದೆ.

ಔಷಧದ ಶಕ್ತಿಗೂ ಮಿತಿಗೂ ಗ್ಲಾಸ್ಗೋ ನಗರದ ವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕವು ಸಾಕ್ಷಿಯಾಗಿದೆ. ಅದುವರೆಗೆ ಔಷಧವನ್ನೇ ಸೇವಿಸದಿದ್ದ 470 ರೋಗಿಗಳಲ್ಲಿ 222 ಜನರಿಗೆ ಮೊದಲನೆಯ ಔಷಧದಿಂದಲೇ ಮೂರ್ಛೆಯು ನಿಂತಿತು. ಎರಡನೆಯ ಅಥವಾ ಮೂರನೆಯ ಔಷಧದಿಂದ ಗುಣ ಕಂಡವರು 67 ಜನರು. ಎರಡನ್ನು ಕೂಡಿಸಿ ಕೊಟ್ಟುದರಿಂದ ನೆಮ್ಮದಿ ಪಡೆದವರು ಕೇವಲ 12 ಜನರು. ಆಶೆಯು ಹೀಗೆ ಮೆಟ್ಟಲು ಮೆಟ್ಟಲಾಗಿ ಇಳಿಯುತ್ತದೆ. ಸರಿಯಾಗಿ ಆರಿಸಿ ತಕ್ಕ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಗಳು ವಿಫಲವಾದರೆ ಆ ರೋಗವನ್ನು ಔಷಧಕ್ಕೆ ಮಣಿಯದುದೆಂದು ಎಣಿಸಬೇಕೆಂಬುದು ಅಂತರರಾಷ್ಟ್ರೀಯ ಅಪಸ್ಮಾರ ತಜ್ಞರ ಸಂಘದ 2010ರ ನಿರ್ಣಯವು.

ಆ ಬಳಿಕ ಶಸ್ತ್ರಕ್ರಿಯೆಯಿಂದ ಫಲವೇನು? ಉತ್ತರವು ನಮ್ಮ ದೇಶದಿಂದಲೇ ಬಂದಿದೆ. ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯವರು ಇಂತಹ 116 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, 57 ಮಕ್ಕಳಿಗೆ ಶಸ್ತ್ರಕ್ರಿಯೆಯನ್ನು ಗೊತ್ತುಮಾಡಿದರು. ಉಳಿದ 59 ಮಕ್ಕಳು ಔಷಧ ಸೇವಿಸುತ್ತ ಸರದಿಯಲ್ಲಿ ಕಾದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಗೆ ಮೊದಲ ಪಂಗಡದಲ್ಲಿ 44 ಮಕ್ಕಳೂ ಎರಡನೆಯದರಲ್ಲಿ 4 ಮಕ್ಕಳೂ ಮೂರ್ಛೆಯಿಂದ ಮುಕ್ತರಾಗಿದ್ದರು. ಶಸ್ತ್ರಕ್ರಿಯೆಗಾಗಿ ಹೇಗೂ ದೀರ್ಘಕಾಲ ಕಾಯಬೇಕಾಗಿದ್ದುದರಿಂದಲೇ ಈ ಹೋಲಿಕೆಯು ಸಾಧ್ಯವಾಯಿತೆಂಬುದು ವಿಜ್ಞಾನಕ್ಕೆ ಲಾಭ, ದೇಶಕ್ಕೆ ನಾಚಿಕೆ.

ಬೇಗನೆ ಮಾಡಿದರೆ ಹೇಗೆಂಬುದನ್ನು ಅಮೇರಿಕದ ವೈದ್ಯರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಎರಡು ಔಷಧಗಳು ಸೋತು ಎರಡು ವರ್ಷ ಮೀರದ 38 ರೋಗಿಗಳಲ್ಲಿ, ಶಸ್ತ್ರಕ್ರಿಯೆಯ ಪಂಗಡದ 15 ಜನರ ಪೈಕಿ 11 ಜನರು ಎರಡನೆಯ ವರ್ಷವನ್ನೆಲ್ಲ ಮೂರ್ಛೆಯಿಲ್ಲದೆ ಕಳೆದರು. ಔಷಧದ ಪಂಗಡದ 23 ಜನರಲ್ಲಿ ಒಬ್ಬರಿಗೂ ಆ ಭಾಗ್ಯವಿರಲಿಲ್ಲ. 200 ಜನರನ್ನು ಸೇರಿಸಬೇಕೆಂದಿದ್ದ ಆ ಪ್ರಯೋಗವು ರೋಗಿಗಳು ಸಾಕಷ್ಟು ದೊರೆಯದೆ ನಡುವೆಯೇ ನಿಂತುದರಿಂದ ಈ ಸಂಖ್ಯೆಗಳನ್ನು ಎಚ್ಚರದಿಂದ ತೂಗಬೇಕು. ಆದರೂ ಕಾಯುವುದರಿಂದ ಲಾಭವಿದೆಯೆಂದು ಅವು ಹೇಳುವುದಿಲ್ಲ.

ಅಪಾಯವನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ದಿಲ್ಲಿಯಲ್ಲಿ ಶಸ್ತ್ರಕ್ರಿಯೆಯ ಪಂಗಡದ 19 ಮಕ್ಕಳಿಗೆ ಗಂಭೀರ ತೊಂದರೆಗಳುಂಟಾದುವು. ಅವರಲ್ಲಿ 15 ಮಕ್ಕಳಿಗೆ ದೇಹದ ಒಂದು ಪಾರ್ಶ್ವವು ಬಲಹೀನವಾಯಿತು. ಇದಲ್ಲದೆ, ರೋಗದ ಮೂಲವು ಮೆದುಳಿನ ಒಂದು ಭಾಗದಲ್ಲಿದ್ದು, ಮಾತು ನೆನಪುಗಳಿಗೆ ಮಿತಿಮೀರಿದ ಹಾನಿಯಿಲ್ಲದೆ ಅದನ್ನು ತೆಗೆಯಲು ಬರುವಂತಿದ್ದರೆ ಮಾತ್ರ ಈ ಚಿಕಿತ್ಸೆಯು ಯೋಗ್ಯವು. ಅದನ್ನು ನಿರ್ಣಯಿಸಲು ಎಂ.ಆರ್.ಐ., ವಿಡಿಯೋ ಇ.ಇ.ಜಿ. ಮೊದಲಾದ ಪರೀಕ್ಷೆಗಳು ಬೇಕು. ಪರೀಕ್ಷೆಗೆ ಕಳುಹಿಸುವುದೆಂದರೆ ಕತ್ತಿಗೆ ತಲೆಯೊಡ್ಡುವುದಲ್ಲ. ತಾಯಿತಂದೆಗಳು ಲಾಭಹಾನಿಗಳನ್ನು ತಿಳಿದು ತೀರ್ಮಾನಿಸುವ ಅವಕಾಶವನ್ನು ಪಡೆಯುವುದು.

ಆದ್ದರಿಂದ ಎರಡನೆಯ ಔಷಧವು ಸೋತೊಡನೆ ರೋಗಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗೆ ಕಳುಹಿಸುವುದನ್ನು ತಾಲೂಕು ವೈದ್ಯಾಧಿಕಾರಿಗಳು ಕರ್ತವ್ಯವೆಂದು ತಿಳಿಯತಕ್ಕದ್ದು. ಅಲ್ಲಿಯ ಸರದಿಯು ಬೆಳೆಯದಂತೆ ತಜ್ಞರನ್ನೂ ಉಪಕರಣಗಳನ್ನೂ ಒದಗಿಸುವುದು ಸರಕಾರದ ಹೊಣೆ. ಮೂರನೆಯ, ನಾಲ್ಕನೆಯ ಗುಳಿಗೆಯ ಹೆಸರು ಬರೆದುಕೊಡುವುದು ಸುಲಭ. ಆ ಅವಧಿಯಲ್ಲಿ ಕಳೆದ ಬಾಲ್ಯವನ್ನು ಹಿಂದಕ್ಕೆ ಕೊಡಬಲ್ಲ ವೈದ್ಯನಿಲ್ಲ.