ನಮ್ಮೆಲೆಯ ಹೆಗ್ಗಣ, ಪರರೆಲೆಯ ನೊಣ



ಕಳೆದ ತಿಂಗಳು ಮೆಲ್ಬರ್ನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂದಿತು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಆತ ಬರೆದಿದ್ದ: "ಗುರುಗಳೇ, ತಿಮಿಂಗಿಲಗಳನ್ನು ಕೊಂದು ತಿನ್ನುವ ಜನರ ನಡುವೆ ನಿಮ್ಮ ಮನಸ್ಸು ಹೇಗೆ ನಿಲ್ಲುತ್ತದೆ? ಇಲ್ಲಿಗೆ ಬಂದುಬಿಡಿ. ಇಲ್ಲಿಯವರು ಪ್ರಾಣಿಗಳನ್ನು ಮಕ್ಕಳಂತೆ ಕಾಣುತ್ತಾರೆ."

ಮಗನ ಸಂಸಾರದೊಡನೆ ನಾನು ಜಪಾನಿನ ನಗೋಯಾ ನಗರಕ್ಕೆ ಬಂದು ಹನ್ನೊಂದು ವರ್ಷಗಳಾದವು. ಈ ಮಾತನ್ನು ಮೊಮ್ಮಗಳ ಮೂಲಕ ನೆರೆಮನೆಯ ಹಿರಿಯರಿಗೆ ತಿಳಿಸಿದೆ. ಅವರೂ ನನ್ನಂತೆಯೇ ನಿವೃತ್ತ ಉಪಾಧ್ಯಾಯರು. ಅವರು ಮೆಲ್ಲನೆ ನಕ್ಕು, "ಅವರು ತಮ್ಮ ರಾಷ್ಟ್ರಲಾಂಛನದಲ್ಲಿರುವ ಕಾಂಗರೂವನ್ನೇ ತಿನ್ನುತ್ತಾರಲ್ಲ!" ಎಂದರು.

ಇಬ್ಬರ ಮಾತೂ ನಿಜ. ಆದರೂ ಇಬ್ಬರ ವಾದವೂ ಸೋತ ವಾದವೆಂದು ನಾನು ಹೇಳಬೇಕಾಗಿದೆ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗ "ಸಾರ್, ಅವನೂ ಮಾಡಿದ" ಎಂದು ಪಕ್ಕದವನತ್ತ ಬೆರಳು ತೋರಿಸಿದಾಗ ನಾನು ಏನು ಹೇಳುತ್ತಿದ್ದೆನೆಂಬುದು ನಿಮಗೆಲ್ಲ ನೆನಪಿರಬಹುದು. "ಅವನ ಲೆಕ್ಕ ಆಮೇಲೆ, ಮೊದಲು ನಿನ್ನದು." ರಾಷ್ಟ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಮೊದಲು ಆಸ್ಟ್ರೇಲಿಯಾದ ಲೆಕ್ಕವನ್ನೇ ನೋಡೋಣ. 1859ರಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ಮೊಲಗಳನ್ನು ತರಿಸಿಕೊಂಡ. ಅವುಗಳ ಸಂತತಿ ಖಂಡದ ಬಹುಭಾಗವನ್ನು ಮೇಯ್ದು ಬೋಳಾಗಿಸಿತು. 1935ರಲ್ಲಿ ಕಬ್ಬಿನ ದುಂಬಿಗಳ ನಿವಾರಣೆಗೆಂದು ಹವಾಯಿ ದ್ವೀಪಗಳಿಂದ ವಿಷದ ನೆಲಗಪ್ಪೆಗಳನ್ನು ತಂದು ಕ್ವೀನ್ಸ್‌ಲೆಂಡಿನಲ್ಲಿ ಬಿಟ್ಟರು. ದುಂಬಿಗಳು ಉಳಿದವು, ಕಪ್ಪೆಗಳನ್ನು ತಿಂದ ಸ್ಥಳೀಯ ಪ್ರಾಣಿಗಳು ಸತ್ತವು. ಟಾಸ್ಮೇನಿಯಾದ ಪಟ್ಟೆತೋಳ, ಅಂದರೆ ಥೈಲಸೀನ್, ಕುರಿಗಳ ಶತ್ರುವೆಂದು ಬಗೆದ ಸರ್ಕಾರ 1888ರಿಂದ 1909ರವರೆಗೆ ಅದರ ತಲೆಗೆ ಬಹುಮಾನ ಕೊಟ್ಟಿತು. ಅದಕ್ಕೆ ಕಾನೂನಿನ ರಕ್ಷಣೆ ದೊರೆತದ್ದು 1936ರ ಜುಲೈ ತಿಂಗಳಿನಲ್ಲಿ. ಹೋಬಾರ್ಟ್ ಮೃಗಾಲಯದಲ್ಲಿದ್ದ ಕೊನೆಯ ಥೈಲಸೀನ್ ಸತ್ತದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ರೋಗಿ ಕಣ್ಣುಮುಚ್ಚುವ ಹೊತ್ತಿಗೆ ಔಷಧದ ಚೀಟಿ ಬರೆದಂತಾಯಿತು.

ಇಂದು ಜಗತ್ತೇ ಮುದ್ದಾಡುವ ಕೋಆಲಾದ ಕಥೆ ಇನ್ನೂ ವಿಚಿತ್ರ. 1927ರ ಆಗಸ್ಟ್ ತಿಂಗಳಿನಲ್ಲಿ ಕ್ವೀನ್ಸ್‌ಲೆಂಡ್ ಸರ್ಕಾರ ತುಪ್ಪಳಕ್ಕಾಗಿ ಬೇಟೆಗೆ ಅನುಮತಿ ನೀಡಿತು. ಒಂದೇ ತಿಂಗಳಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಕೋಆಲಾಗಳು ಹತವಾದವು. ಅದೇ ವರ್ಷ, ಅದೇ ಕ್ವೀನ್ಸ್‌ಲೆಂಡಿನ ಬ್ರಿಸ್ಬೇನ್ ನಗರದಲ್ಲಿ, ಲೋನ್ ಪೈನ್ ಎಂಬ ಕೋಆಲಾ ಆಶ್ರಯಧಾಮ ಎರಡೇ ಪ್ರಾಣಿಗಳೊಡನೆ ಆರಂಭವಾಯಿತು. ಮಕ್ಕಳಂತೆ ಕಾಣುವ ಜನರೂ ಅಲ್ಲಿದ್ದರು, ಚರ್ಮ ಸುಲಿಯುವ ಜನರೂ ಅಲ್ಲೇ ಇದ್ದರು.

ಈಗ ನನ್ನ ಆಶ್ರಯದಾತ ಜಪಾನಿನ ಲೆಕ್ಕ. ಇಲ್ಲಿಯ ತೋಳದ ಕೊನೆಯ ದಾಖಲೆ 1905ರ ನಾರಾ ಪ್ರಾಂತ್ಯದ್ದು. ನದಿಯ ನೀರುನಾಯಿ ಅಳಿದುಹೋಯಿತೆಂದು ಸರ್ಕಾರವೇ 2012ರಲ್ಲಿ ಘೋಷಿಸಿತು. 1979ರಲ್ಲಿ ಅಮಾಮಿ ಓಶಿಮಾ ದ್ವೀಪದಲ್ಲಿ ಹಾಬು ಎಂಬ ವಿಷಸರ್ಪವನ್ನು ನಿಗ್ರಹಿಸಲೆಂದು ಮುಂಗುಸಿಗಳನ್ನು ಬಿಟ್ಟರು. ಹಾವು ಸಂಚರಿಸುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಅವೆರಡೂ ಭೇಟಿಯಾದದ್ದೇ ಅಪರೂಪ. ಮುಂಗುಸಿಗಳ ಬಾಯಿಗೆ ಬಿದ್ದದ್ದು ಆ ದ್ವೀಪಗಳಲ್ಲಿ ಮಾತ್ರ ಇರುವ ಅಪೂರ್ವವಾದ ಕಪ್ಪುಮೊಲ. ಕ್ವೀನ್ಸ್‌ಲೆಂಡಿನ ಕಪ್ಪೆಯ ಪಾಠವನ್ನು ನಲವತ್ತನಾಲ್ಕು ವರ್ಷಗಳ ಬಳಿಕವೂ ಇಲ್ಲಿಯವರು ಓದಿರಲಿಲ್ಲ.

ಹಾಗಾದರೆ ಎಲ್ಲರೂ ತಪ್ಪಿತಸ್ಥರೇ, ಆದ್ದರಿಂದ ಯಾರೂ ಯಾರನ್ನೂ ಕೇಳಬಾರದು ಎನ್ನೋಣವೇ? ಖಂಡಿತ ಕೂಡದು. ಇದು ಮೂರನೆಯ ನುಣುಚಿಕೆ; ಮೊದಲೆರಡಕ್ಕಿಂತಲೂ ಅಪಾಯಕರವಾದದ್ದು, ಏಕೆಂದರೆ ಇದು ವೈರಾಗ್ಯದ ವೇಷ ತೊಟ್ಟು ಬರುತ್ತದೆ. ತಪ್ಪು ಮಾಡಿದವನಿಗೆ ಮಾತಿನ ಹಕ್ಕಿಲ್ಲವೆಂದರೆ ಭೂಮಿಯ ಮೇಲೆ ಮಾತೇ ಇರುವುದಿಲ್ಲ. ತಪ್ಪನ್ನು ತಿದ್ದಿಕೊಂಡವನಿಗೆ ಹಕ್ಕಿದೆ, ತಿದ್ದಿಕೊಳ್ಳದೆ ಬೋಧಿಸುವವನಿಗೆ ಇಲ್ಲ ಎಂಬುದೇ ನನ್ನ ಅಳತೆಗೋಲು.

ಈ ಅಳತೆಗೋಲಿನಿಂದ ತಿಮಿಂಗಿಲದ ವಿಷಯದಲ್ಲಿ ನನ್ನ ವಿದ್ಯಾರ್ಥಿಯೇ ಗೆದ್ದ. ಆಸ್ಟ್ರೇಲಿಯಾ ಸ್ವತಃ ತಿಮಿಂಗಿಲಗಳ ಬೇಟೆಯಾಡಿದ ದೇಶ. ಆದರೆ 1978ರಲ್ಲಿ ಆಲ್ಬನಿಯ ಕೊನೆಯ ಬೇಟೆಕೇಂದ್ರವನ್ನು ಮುಚ್ಚಿತು. ದಕ್ಷಿಣ ಸಾಗರದಲ್ಲಿ ವಿಜ್ಞಾನದ ಹೆಸರಿನಲ್ಲಿ ಜಪಾನ್ ನಡೆಸುತ್ತಿದ್ದ ಬೇಟೆಯ ವಿರುದ್ಧ ಆಸ್ಟ್ರೇಲಿಯಾ ಹೂಡಿದ ಮೊಕದ್ದಮೆಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ 2014ರಲ್ಲಿ ಜಪಾನಿನ ವಿರುದ್ಧ ತೀರ್ಪಿತ್ತಿತು. ಜಪಾನ್ 2019ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗದಿಂದಲೇ ಹೊರಬಂದು ತನ್ನ ಕಡಲಿನಲ್ಲಿ ವಾಣಿಜ್ಯ ಬೇಟೆ ಆರಂಭಿಸಿತು. 2024ರಲ್ಲಿ ಫಿನ್ ತಿಮಿಂಗಿಲವನ್ನೂ ಬೇಟೆಯ ಪಟ್ಟಿಗೆ ಸೇರಿಸಿತು. ಇದನ್ನು "ಸಂಸ್ಕೃತಿ" ಎಂದು ಸಮರ್ಥಿಸುವುದನ್ನು ನಾನು ಒಪ್ಪಲಾರೆ. ನನ್ನ ನೆರೆಹೊರೆಯಲ್ಲಿ ತಿಮಿಂಗಿಲದ ಮಾಂಸವನ್ನು ಬಯಸಿ ತಿನ್ನುವವರನ್ನು ನಾನು ಕಂಡಿಲ್ಲ. ಇನ್ನು ಕಾಂಗರೂ ಕುರಿತ ಹಿರಿಯರ ಪ್ರತ್ಯುತ್ತರವೂ ನಿಲ್ಲುವುದಿಲ್ಲ: ಮಾಂಸಕ್ಕಾಗಿ ಕೊಲ್ಲುವ ಕಾಂಗರೂ ಜಾತಿಗಳು ಅಳಿವಿನ ಅಂಚಿನಲ್ಲಿಲ್ಲ. ಸಸ್ಯಾಹಾರಿಯಾದ ನನಗೆ ಎರಡೂ ತಟ್ಟೆಗಳು ಒಂದೇ. ಆದರೆ ಒಂದು ವಂಶದ ಅಳಿವು ಮತ್ತು ಒಂದು ಜೀವದ ಸಾವು ಒಂದೇ ಅಲ್ಲ.

ಆದರೆ ಅದೇ ಅಳತೆಗೋಲನ್ನು ಮುಂಗುಸಿಗೆ ಹಿಡಿದರೆ ಜಪಾನ್ ಗೆಲ್ಲುತ್ತದೆ. ದಶಕಗಳ ಕಾಲ ಬೋನುಗಳನ್ನೊಡ್ಡಿ, ನಾಯಿಗಳಿಗೆ ತರಬೇತಿ ಕೊಟ್ಟು, 2024ರ ಸೆಪ್ಟೆಂಬರಿನಲ್ಲಿ ಅಮಾಮಿ ದ್ವೀಪ ಮುಂಗುಸಿಮುಕ್ತವಾಯಿತೆಂದು ಸಾರಿದರು. ಕಪ್ಪುಮೊಲಗಳ ಸಂಖ್ಯೆ ಮತ್ತೆ ಏರಿದೆ. ಸದ್ದಿಲ್ಲದೆ ತಪ್ಪು ತಿದ್ದಿಕೊಳ್ಳುವುದೆಂದರೆ ಇದು.

ಅತ್ತ, ಪ್ರಾಣಿಗಳನ್ನು ಮಕ್ಕಳಂತೆ ಕಾಣುವ ಆ ನಾಡಿನಲ್ಲಿ ಬ್ರಾಂಬಲ್ ಕೇ ಎಂಬ ಪುಟ್ಟ ಹವಳದ್ವೀಪವಿದೆ. ಅಲ್ಲಿ ಮಾತ್ರ ಬದುಕಿದ್ದ ಮೆಲೊಮಿಸ್ ಎಂಬ ಇಲಿಯ ಆಹಾರವಾಗಿದ್ದ ಗಿಡಗಳನ್ನು ಉಕ್ಕೇರಿದ ಕಡಲು ನುಂಗಿತು. ಆ ಇಲಿ ಅಳಿಯಿತೆಂದು 2019ರಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ಹವಾಮಾನದ ಬದಲಾವಣೆಯಿಂದ ನಾಶವಾದ ಮೊದಲ ಸಸ್ತನಿ ಅದೆನ್ನುತ್ತಾರೆ. ಅದಕ್ಕಾಗಿ ಯಾರು ಅತ್ತರು? ಅದು ಇಲಿ; ಅದಕ್ಕೆ ಕೋಆಲಾದ ಮುಖವಿರಲಿಲ್ಲ, ತಿಮಿಂಗಿಲದ ಗಾತ್ರವಿರಲಿಲ್ಲ. ಮುಖ ನೋಡಿ ಮಣೆ ಹಾಕುವ ಪ್ರೀತಿಯನ್ನು ನಾನು ಪ್ರಾಣಿದಯೆ ಎಂದು ಕರೆಯಲಾರೆ. ಆ ಪ್ರೀತಿ ಕೋಆಲಾವನ್ನಾದರೂ ಕಾಪಾಡಿತೇ? ಕಾಡು ಕಡಿಯುವುದು ನಿಲ್ಲಲಿಲ್ಲ. 2022ರಲ್ಲಿ ಪೂರ್ವ ಕರಾವಳಿಯ ಕೋಆಲಾಗಳನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಬೇಕಾಯಿತು. ತಬ್ಬಿಕೊಳ್ಳಲು ಸಾಲುಗಟ್ಟಿದವರಿಗೆ ಕೊರತೆಯಿರಲಿಲ್ಲ. ಮರ ಉಳಿಸುವವರಿಗೆ ಕೊರತೆಯಿತ್ತು. ಲೋನ್ ಪೈನಿನವರು 2024ರಲ್ಲಿ ಆ ತಬ್ಬುವ ಪದ್ಧತಿಯನ್ನು ನಿಲ್ಲಿಸಿದ್ದು ವಿವೇಕದ ಕೆಲಸ.

ಇಷ್ಟೆಲ್ಲ ಬರೆದು ನನ್ನ ಎಲೆಯ ಹೆಗ್ಗಣವನ್ನು ಮುಚ್ಚಿಟ್ಟರೆ ನಾನೂ ಅದೇ ಸಾಲಿನವನಾಗುತ್ತೇನೆ.

ಮೊದಲನೆಯದು ಚಿಕ್ಕದು. "ಕಾಂಗರೂ ಎಂದರೆ ಅಲ್ಲಿಯ ಮೂಲನಿವಾಸಿಗಳ ಭಾಷೆಯಲ್ಲಿ ‘ನನಗೆ ಗೊತ್ತಿಲ್ಲ’ ಎಂದರ್ಥ" ಎಂದು ನಾನು ಪ್ರತಿವರ್ಷ ಹೇಳಿ ನಿಮ್ಮನ್ನು ನಗಿಸುತ್ತಿದ್ದೆ. ಅದು ಸುಳ್ಳು. ಗೂಗು ಯಿಮಿತಿರ್ ಎಂಬ ಭಾಷೆಯಲ್ಲಿ ‘ಗಂಗುರು’ ಎಂಬುದು ಒಂದು ಜಾತಿಯ ಕಾಂಗರೂವಿನ ಹೆಸರು. 1770ರಲ್ಲಿ ಕುಕ್‌ನ ತಂಡ ಅದನ್ನು ಸರಿಯಾಗಿಯೇ ಬರೆದುಕೊಂಡಿತ್ತು. ಆ ಜನರಿಗೆ ಗೊತ್ತಿತ್ತು, ಗೊತ್ತಿಲ್ಲದವನು ನಾನು.

ಎರಡನೆಯದು ದೊಡ್ಡದು. ನಗೋಯಾದ ಹಿಗಾಶಿಯಾಮಾ ಮೃಗಾಲಯದಲ್ಲಿ 1984ರಿಂದಲೂ ಕೋಆಲಾಗಳಿವೆ. ಅವುಗಳಿಗಾಗಿಯೇ ಇಲ್ಲಿ ನೀಲಗಿರಿ ಬೆಳೆಸುತ್ತಾರೆ. ಮೊದಲ ಸಲ ಮೊಮ್ಮಗಳೊಡನೆ ಅಲ್ಲಿ ನಿಂತಾಗ ಆ ಎಲೆಯ ವಾಸನೆ ಮೂಗಿಗೆ ಬಡಿಯಿತು, ನಮ್ಮ ಕೋಲಾರ ಜಿಲ್ಲೆಯ ಶಾಲೆಯ ಹಿಂದಿನ ಗೋಮಾಳ ಕಣ್ಣಮುಂದೆ ಬಂದಿತು. ಎಂಬತ್ತರ ದಶಕದಲ್ಲಿ, ಸಾಮಾಜಿಕ ಅರಣ್ಯದ ಕಾಲದಲ್ಲಿ, ನಿಮ್ಮ ಕೈಗೆ ಗುದ್ದಲಿ ಕೊಟ್ಟು ಅಲ್ಲಿ ಆಸ್ಟ್ರೇಲಿಯಾದ ಆ ಮರವನ್ನು ನೆಡಿಸಿದವನು ನಾನೇ. ಹಸುಗಳು ಮುಟ್ಟವು, ಬೇಗ ಬೆಳೆಯುತ್ತದೆ ಎಂದು ಭಾಷಣ ಮಾಡಿದವನೂ ನಾನೇ. ಹುಲ್ಲು ಹೋಯಿತು, ದನ ಮೇಯಿಸುತ್ತಿದ್ದವರು ಹೋದರು. ನೀರು ಬತ್ತಿದ್ದಕ್ಕೆ ಕೊಳವೆಬಾವಿಗಳೂ ಕಾರಣ. ಆದರೆ ನೀಲಗಿರಿಯ ಪಾಲನ್ನು ಅಲ್ಲಗಳೆಯಲಾರೆ. 2017ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಬೆಳೆಯುವುದನ್ನೇ ನಿಷೇಧಿಸಿತು. ಹಾವಿಗೆ ಮುಂಗುಸಿ ಬಿಟ್ಟವರನ್ನು ನೋಡಿ ನಾನು ನಗಲಾರೆ.

ಮೆಲ್ಬರ್ನಿನ ನನ್ನ ಪ್ರೀತಿಯ ಹುಡುಗನೇ, ಹಳೆಯ ಮೇಷ್ಟ್ರ ಕಡೆಯ ಮನೆಗೆಲಸ ಇದು. ಜಪಾನಿನಲ್ಲಿ ಓಜಿಶಿಗಿ ಎಂದು ಕರೆಯುವ ಒಂದು ಹಕ್ಕಿಯಿದೆ. ಅದು ಹೊಕ್ಕಾಯ್ಡೋ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಸಾವಿರಾರು ಕಿಲೋಮೀಟರ್ ಹಾರಿ, ನಿನ್ನ ಊರಿನ ಸುತ್ತಲಿನ ಜೌಗುಭೂಮಿಗಳಲ್ಲಿ ಬೇಸಿಗೆ ಕಳೆಯುತ್ತದೆ. ಕಂದುಬಣ್ಣದ, ಯಾರೂ ಮುದ್ದಾಡದ ಹಕ್ಕಿ. ಇಂಥ ವಲಸೆಹಕ್ಕಿಗಳಿಗಾಗಿಯೇ ಈ ಎರಡು ದೇಶಗಳು 1974ರಲ್ಲಿ ಒಪ್ಪಂದಕ್ಕೆ ಸಹಿ ಮಾಡಿವೆ. ನಿನ್ನ ಬಡಾವಣೆಯ ಬಳಿ ಅಂಥದೊಂದು ಜೌಗು ಇದ್ದರೆ ಹೋಗಿ ನೋಡು. ಅದನ್ನು ತುಂಬಿ ಮನೆ ಕಟ್ಟುವವರಿದ್ದರೆ ಎದುರು ನಿಂತು ಮಾತನಾಡು. ತಿಮಿಂಗಿಲದ ಪ್ರಶ್ನೆಯನ್ನು ಇಲ್ಲಿ ನೆರೆಮನೆಯ ಹಿರಿಯರ ಮುಂದೆ ನಾನು ಎತ್ತುತ್ತೇನೆ. ಕೋಲಾರದಲ್ಲೇ ಉಳಿದಿರುವವರು ಆ ಗೋಮಾಳದಲ್ಲಿ ಒಂದು ಹೊಂಗೆಯನ್ನೋ ಬೇವನ್ನೋ ನೆಟ್ಟು ನನ್ನ ತಪ್ಪನ್ನು ತಿದ್ದಲಿ.

ಅವರವರ ಎಲೆಯನ್ನು ಅವರವರು ನೋಡಿಕೊಳ್ಳೋಣ.

ನಿಮ್ಮ ಮೇಷ್ಟ್ರು